ಕುಟುಂಬಕ್ಕೊಂದು ಹಳೆಯ ಕಾರು: ಸುರಕ್ಷತೆ ಮೊದಲೋ, ಬಾಳಿಕೆಯೋ?

ಪ್ರಶ್ನೆ: ನಮ್ಮದು ಮಕ್ಕಳಿಬ್ಬರೂ ಸೇರಿ ಆರು ಜನರ ಕುಟುಂಬ. 2019ರ ಎರ್ಟಿಗಾ, ಅದೇ ವರ್ಷದ ಮರಾಜ್ಜೊ ಎರಡೂ ಕೈಗೆಟಕುವ ಬೆಲೆಯಲ್ಲಿವೆ. ಯಾವುದನ್ನು ಕೊಳ್ಳಬೇಕೆಂದು ದಯವಿಟ್ಟು ತಿಳಿಸಿ.
– ಓದುಗರು, ಹುಬ್ಬಳ್ಳಿ

ಉತ್ತರ: ಕಾರುಗಳ ಸುರಕ್ಷತೆ ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯ ಅಪಘಾತ ಪರೀಕ್ಷೆಯಲ್ಲಿ ವಯಸ್ಕರ ರಕ್ಷಣೆಗೆ ಒಟ್ಟು ಐದರಲ್ಲಿ ಮರಾಜ್ಜೊ 2018ರಲ್ಲಿ 4 ತಾರೆಗಳನ್ನೂ ಎರ್ಟಿಗಾ 2019ರಲ್ಲಿ 3 ತಾರೆಗಳನ್ನೂ ಪಡೆದವು; ಆದರೆ ಮಕ್ಕಳ ರಕ್ಷಣೆಯಲ್ಲಿ ಮರಾಜ್ಜೊಗೆ 2, ಎರ್ಟಿಗಾಕ್ಕೆ 3 ತಾರೆಗಳು ದೊರೆತವು. ಬಿಡಿಭಾಗಗಳೂ ಮೆಕ್ಯಾನಿಕ್‌ಗಳೂ ಊರೂರಿನಲ್ಲಿ ಸಿಗುವ ಕಾರಣ ಬಾಳಿಕೆಯ ದೃಷ್ಟಿಯಿಂದ ಎರ್ಟಿಗಾ ನಿಶ್ಚಿಂತೆಯ ಆಯ್ಕೆ. ಆದರೂ ನೀವು ಹೆದ್ದಾರಿಯಲ್ಲಿ ಹೆಚ್ಚು ಓಡಾಡುವವರಾದರೆ, ಹೊರಕವಚ ಗಟ್ಟಿಯಾಗಿರುವ ಮರಾಜ್ಜೊವನ್ನೇ ನಾನು ಸೂಚಿಸುತ್ತೇನೆ. ಅದರ ರಿಪೇರಿಗೆಂದು ಸ್ವಲ್ಪ ಹಣ ಎತ್ತಿಡಿ.

ಯಾವುದನ್ನೇ ಆರಿಸಿದರೂ ಅಪಘಾತವಾಗಿ ರಿಪೇರಿಯಾದ ಗಾಡಿಗೆ ಈ ತಾರೆಗಳು ಅನ್ವಯಿಸುವುದಿಲ್ಲ. ಕೀಲಿ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಹೊತ್ತಿ, ಕೆಲವು ಕ್ಷಣಗಳಲ್ಲಿ ಆರಬೇಕು. ಅದು ಹೊತ್ತದೇ ಇದ್ದರೆ ದೋಷವನ್ನು ಮುಚ್ಚಿಡಲು ದೀಪದ ಸಂಪರ್ಕ ತೆಗೆದಿರುವ ಸಾಧ್ಯತೆಯುಂಟು. ಸೀಟುಬೆಲ್ಟನ್ನು ಪೂರ್ತಿ ಹೊರಗೆಳೆದು ನೋಡಿ: ಬುಡದಲ್ಲಿ ಕೆಸರಿನ ಕಲೆಯಿದ್ದರೆ ಅದು ನೆರೆನೀರಿನಲ್ಲಿ ಮುಳುಗಿದ ಕಾರಾಗಿರಬಹುದು. ಮಕ್ಕಳನ್ನು ಕೊನೆಯ ಸಾಲಿನಲ್ಲಿ ಕೂರಿಸದೆ, ಎರಡನೆಯ ಸಾಲಿನಲ್ಲಿ ಮಕ್ಕಳ ಸೀಟು ಬಿಗಿದು ಕೂರಿಸಿ.