ಹಳ್ಳಿ ಲೈಬ್ರರಿಗೆ ಓದುಗರು ಬರೋ ಹಾಗೆ ಫೇಸ್‌ಬುಕ್, ವಾಟ್ಸಾಪ್ ಬಳಸೋದು ಹೇಗೆ?

ಮೂಡಿಗೆರೆ ಕಡೆಯ ಪಂಚಾಯಿತಿ ಲೈಬ್ರರಿಗೆ ಹೊಸದಾಗಿ ಸೇರಿದ್ದೀರಿ. ಫೇಸ್‌ಬುಕ್ ಪೇಜ್ ಮಾಡಿದ್ದೀರಿ, ಲೈಕ್ ಬರುತ್ತಿವೆ, ಆದರೆ ಓದುಗರು ಬರುತ್ತಿಲ್ಲ ಅಂತ ಕೇಳಿದ್ದೀರಿ. ನಾನು ಸಕಲೇಶಪುರದ ಕಡೆ ಇದೇ ಕೆಲಸ ಮಾಡುತ್ತೇನೆ. ನನಗೆ ಗೊತ್ತಿರೋದನ್ನ ನೇರವಾಗಿ ಹೇಳ್ತೀನಿ.

ಮೊದಲು ಆ ಲೈಕ್ ಹಾಕಿದವರ ಹೆಸರು ನೋಡಿ. ಜಾಸ್ತಿ ಜನ ಬೆಂಗಳೂರಿಗೆ ಹೋಗಿ ನೆಲೆಸಿದ ನಿಮ್ಮೂರಿನವರೇ ಇರುತ್ತಾರೆ. ಅವರು ಓದಲು ಬರಲ್ಲ, ಆದರೆ ಊರಿನ ಮೇಲೆ ಪ್ರೀತಿ ಇದೆ. ಫೇಸ್‌ಬುಕ್ ಅವರಿಗಾಗಿ ಇಟ್ಟುಕೊಳ್ಳಿ. ಸುಮ್ನೆ "ಪುಸ್ತಕ ದಾನ ಮಾಡಿ" ಅಂದರೆ ಹಳೇ ಗೈಡುಗಳ ರಾಶಿ ಬರುತ್ತದೆ, ಅದರ ಬದಲು ಯಾವ ಪುಸ್ತಕ ಬೇಕು, ಎಷ್ಟು ಪ್ರತಿ ಬೇಕು ಅಂತ ಪಟ್ಟಿ ಹಾಕಿ.

ಊರಲ್ಲೇ ಇರುವವರಿಗೆ ವಾಟ್ಸಾಪೇ ಸರಿ. ಗ್ರೂಪ್ ಮಾಡಿದರೆ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ, ಹೆಣ್ಣುಮಕ್ಕಳು ಸೇರೋಕೆ ಹಿಂಜರಿಯುತ್ತಾರೆ, ಸೇರಿದರೂ ಬೆಳಗಾದರೆ ಗುಡ್ ಮಾರ್ನಿಂಗ್ ಹೂವುಗಳ ನಡುವೆ ನಿಮ್ಮ ಮಾತು ಕಳೆದುಹೋಗುತ್ತದೆ. ಅದರ ಬದಲು ಬ್ರಾಡ್‌ಕಾಸ್ಟ್ ಲಿಸ್ಟ್ ಮಾಡಿ, ನೀವು ಕಳಿಸಿದ ಒಂದೇ ಮೆಸೇಜ್ ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಹೋಗುತ್ತದೆ, ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣಲ್ಲ. ಒಂದು ವಿಷಯ ನೆನಪಿರಲಿ, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಅದಕ್ಕೇ ಸದಸ್ಯತ್ವ ಕೊಡುವಾಗಲೇ, ಎದುರಿಗೇ, ಅವರ ಫೋನಿನಲ್ಲಿ ಲೈಬ್ರರಿ ನಂಬರ್ ಸೇವ್ ಮಾಡಿಸಿಬಿಡಿ. ಒಂದು ಲಿಸ್ಟಿಗೆ 256 ಜನ, ಒಂದು ಪಂಚಾಯಿತಿಗೆ ಧಾರಾಳ ಸಾಕು. ಹೈಸ್ಕೂಲ್ ಮಕ್ಕಳ ಮನೆಯವರಿಗೆ ಒಂದು, ಪರೀಕ್ಷೆಗೆ ಓದುವವರಿಗೆ ಒಂದು ಅಂತ ಬೇರೆ ಬೇರೆ ಮಾಡಿದರೆ ಇನ್ನೂ ಒಳ್ಳೆಯದು.

ಇನ್ನು ಏನು ಕಳಿಸಬೇಕು ಅನ್ನೋದು. ನನ್ನ ಪ್ರಕಾರ ಎಲ್ಲಾ ಇರೋದು ಇಲ್ಲೇ. "ಓದಿ, ಬೆಳೆಯಿರಿ" ಅನ್ನೋ ಪೋಸ್ಟರ್ ನೋಡಿ ಯಾರೂ ಚಪ್ಪಲಿ ಮೆಟ್ಟಿಕೊಂಡು ಹೊರಡಲ್ಲ. ಎಸ್‌ಡಿಎ, ಪಿಡಿಒ, ಪೊಲೀಸ್ ಕಾನ್‌ಸ್ಟೇಬಲ್, ಯಾವುದೋ ಒಂದು ಸರ್ಕಾರಿ ಕೆಲಸಕ್ಕೆ ಅರ್ಜಿ ಕರೆದ ದಿನವೇ ನಿಮ್ಮ ಕಪಾಟಿನಲ್ಲಿರುವ ಆ ಪರೀಕ್ಷೆಯ ಪುಸ್ತಕದ ಫೋಟೋ ತೆಗೆದು ಕಳಿಸಿ. ಕೆಳಗೆ ಇಷ್ಟೇ ಬರೆಯಿರಿ: "ಎರಡು ಪ್ರತಿ ಇವೆ. ಒಂದನ್ನು ಒಯ್ದಿದ್ದಾರೆ, ಶನಿವಾರ ವಾಪಸ್ ಬರುತ್ತದೆ. ಬೇಕಾದವರು ಮೆಸೇಜ್ ಮಾಡಿ, ಎತ್ತಿಟ್ಟಿರುತ್ತೇನೆ." ಆ ಎತ್ತಿಟ್ಟಿರುತ್ತೇನೆ ಅನ್ನೋ ಮಾತಿಗೆ ಜನ ಬರುತ್ತಾರೆ. ಕಾಫಿ ಎಸ್ಟೇಟ್ ಕೆಲಸಗಾರರ ಲೈನ್ ಮನೆಯಿಂದ ಮೂರು ಕಿಲೋಮೀಟರ್ ನಡೆದು ಬಂದ ಹುಡುಗಿ ಪುಸ್ತಕ ಇಲ್ಲ ಅನ್ನಿಸಿಕೊಂಡು ವಾಪಸ್ ಹೋದರೆ ಮತ್ತೆ ಬರುವುದು ಕಷ್ಟ, ಅಲ್ವಾ? ಓದುಗರ ಸಮಯ ಉಳಿಸಿ ಅಂತ ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ 1931ರಲ್ಲೇ ಲೈಬ್ರರಿಗಳಿಗಾಗಿ ಬರೆದ ತಮ್ಮ ಐದು ಸೂತ್ರಗಳಲ್ಲಿ ಸೇರಿಸಿದ್ದರು. ನಮ್ಮ ಕೈಯಲ್ಲಿರುವ ಫೋನು ಆ ಕೆಲಸಕ್ಕೇ ಬಳಕೆಯಾಗಲಿ.

ಮಕ್ಕಳ ವಿಷಯ. 2020ರ ಓದುವ ಬೆಳಕು ಅಭಿಯಾನದಿಂದ 6ರಿಂದ 18 ವರ್ಷದವರಿಗೆ ಪಂಚಾಯಿತಿ ಲೈಬ್ರರಿ ಸದಸ್ಯತ್ವ ಉಚಿತ. ಎಷ್ಟೋ ತಂದೆ ತಾಯಿಗಳು ಈಗಲೂ ದುಡ್ಡು ಕಟ್ಟಬೇಕು ಅಂದುಕೊಂಡಿದ್ದಾರೆ, ಇದನ್ನು ಶಾಲೆ ಶುರುವಾಗುವ ಜೂನ್‌ನಲ್ಲಿ ಮತ್ತೆ ಮತ್ತೆ ಹೇಳಿ. ಆದರೆ ಮಕ್ಕಳ ಮುಖ ಕಾಣುವ ಫೋಟೋ ಹಾಕುವ ಮುಂಚೆ ಮನೆಯವರನ್ನು ಕೇಳಿ. ಪುಸ್ತಕ ಹಿಡಿದ ಕೈ ಕಂಡರೂ ಸಾಕು. ಹಾಗೇ ಪುಸ್ತಕದ ಪಿಡಿಎಫ್ ಹಂಚೋ ಕೆಲಸಕ್ಕೆ ಮಾತ್ರ ಹೋಗಬೇಡಿ, ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ.

ರೀಲ್ಸ್ ಬಗ್ಗೆ ಕೇಳಿದ್ದೀರಿ. ಆಸೆ ಇದ್ದರೆ ಮಾಡಿ, ಅದಕ್ಕಾಗಿ ಒದ್ದಾಡಬೇಡಿ. ನಮ್ಮ ಕಡೆ ಮಳೆ ಹಿಡಿದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ, ವಿಡಿಯೋ ಸುತ್ತುತ್ತಲೇ ಇರುತ್ತದೆ. ಒಂದು ಚಿಕ್ಕ ಫೋಟೋ, ಎರಡು ಸಾಲು ಆದರೆ ಹೇಗೋ ತಲುಪುತ್ತದೆ. ಸಂಜೆ ಏಳರ ಮೇಲೆ ಕಳಿಸಿ, ಕೆಲಸ ಮುಗಿಸಿ ಬಂದು ಫೋನ್ ಹಿಡಿಯೋದು ಆಗಲೇ. ಕಾಫಿ ಕೊಯ್ಲಿನ ದಿನಗಳಲ್ಲಿ ಓದುಗರು ಕಮ್ಮಿ ಆದರೆ ಬೇಸರ ಮಾಡಿಕೊಳ್ಳಬೇಡಿ.

ಮೆಸೇಜ್‌ಗೆ ಉತ್ತರ ಅದೇ ದಿನ ಕೊಡಿ. ಲೈಬ್ರರಿ ನಂಬರನ್ನು ಹಾಲಿನ ಡೈರಿ, ನ್ಯಾಯಬೆಲೆ ಅಂಗಡಿ, ಬಸ್ ಸ್ಟ್ಯಾಂಡ್ ಗೋಡೆಯಲ್ಲಿ ಅಂಟಿಸಿ, ಬಾಗಿಲು ತೆರೆಯುವ ಸಮಯವನ್ನೂ ವಾರದ ರಜೆಯನ್ನೂ ಅದರ ಕೆಳಗೇ ದೊಡ್ಡದಾಗಿ ಬರೆಯಿರಿ.