ಪ್ರಶ್ನೋತ್ತರ: ನಾಲ್ಕರಲ್ಲೊಂದು ಅಳತೆಯ ಎಚ್‌ಟಿ-2

ಪ್ರಶ್ನೆ: ಒಂದೂವರೆ ಮೀಟರ್ ರೆಕ್ಕೆಯ ರೇಡಿಯೋ ನಿಯಂತ್ರಿತ ವಿಮಾನವನ್ನು ನಾಲ್ಕು ವರ್ಷಗಳಿಂದ ಹಾರಿಸುತ್ತಿದ್ದೇನೆ. ಈಗ ಎಚ್‌ಎಎಲ್ ತಯಾರಿಸಿದ ಎಚ್‌ಟಿ-2 ವಿಮಾನದ ದೊಡ್ಡ ಮಾದರಿಯೊಂದನ್ನು ನಾನೇ ವಿನ್ಯಾಸ ಮಾಡಿ ಕಟ್ಟಬೇಕೆಂಬ ಆಸೆಯಿದೆ. ಚಿಕ್ಕ ಮಾದರಿಯ ನಕ್ಷೆಯನ್ನೇ ಹಿಗ್ಗಿಸಿಕೊಂಡರೆ ಸಾಲದೇ?
— ಓದುಗರೊಬ್ಬರು, ಕೋಲಾರ

ಉತ್ತರ: ಸಾಲದು. ನಕ್ಷೆಯನ್ನು ಎರಡು ಪಟ್ಟು ಹಿಗ್ಗಿಸಿದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ; ಆದರೆ ಒಳಗಿನ ಮರದ ಪ್ರತಿಯೊಂದು ತುಂಡೂ ಉದ್ದ, ಅಗಲ, ದಪ್ಪ ಮೂರರಲ್ಲೂ ಬೆಳೆಯುವುದರಿಂದ ತೂಕ ಎಂಟು ಪಟ್ಟಾಗುತ್ತದೆ. ಹೀಗಾಗಿ ಹೊರರೂಪವನ್ನು ಮಾತ್ರ ಹಿಗ್ಗಿಸಿಕೊಂಡು, ಒಳಗಿನ ಕಟ್ಟನ್ನು ಮೊದಲಿನಿಂದ ಲೆಕ್ಕ ಹಾಕಬೇಕಾಗುತ್ತದೆ.

ನಿಮ್ಮ ಆಯ್ಕೆ ಮಾತ್ರ ಬಹಳ ಒಳ್ಳೆಯದು. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡು 1951ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಹಾರಿದ ಈ ತರಬೇತಿ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 10.72 ಮೀಟರ್, ಒಡಲಿನ ಉದ್ದ 7.53 ಮೀಟರ್, ರೆಕ್ಕೆಯ ವಿಸ್ತೀರ್ಣ 16 ಚದರ ಮೀಟರ್, ಹಾರಾಟದ ತೂಕ ಸುಮಾರು 1,016 ಕಿಲೋ. ನಾಲ್ಕರಲ್ಲೊಂದು ಅಳತೆಗೆ ಇಳಿಸಿದರೆ ರೆಕ್ಕೆ 2.68 ಮೀಟರ್, ಉದ್ದ 1.88 ಮೀಟರ್, ವಿಸ್ತೀರ್ಣ ಸರಿಯಾಗಿ 1 ಚದರ ಮೀಟರ್ ಆಗಿ, ಮುಂದಿನ ಲೆಕ್ಕಗಳನ್ನೆಲ್ಲ ಬಾಯಲ್ಲೇ ಮಾಡುವಷ್ಟು ಸುಲಭವಾಗುತ್ತದೆ. ಒಂಟಿ ರೆಕ್ಕೆಯ ಮಾದರಿ 80 ಅಂಗುಲ ದಾಟಿದರೆ ಅದನ್ನು ದೈತ್ಯ ಮಾದರಿ ಎನ್ನುವ ರೂಢಿಯಿದೆ. ನಿಮ್ಮದು 105 ಅಂಗುಲ.

ತೂಕವನ್ನು ಅದೇ ಅನುಪಾತದಲ್ಲಿ, ಅಂದರೆ 64ರಿಂದ ಭಾಗಿಸಿದರೆ, ಹತ್ತಿರ ಹತ್ತಿರ 16 ಕಿಲೋ ಬರುತ್ತದೆ. ಇದನ್ನು ಒಪ್ಪಿಕೊಳ್ಳಬೇಡಿ, 11 ಕಿಲೋ ಗುರಿಯಿಟ್ಟುಕೊಳ್ಳಿ. ಸಮುದ್ರಮಟ್ಟದಿಂದ 800 ಮೀಟರ್‌ಗೂ ಎತ್ತರದಲ್ಲಿರುವ ನಿಮ್ಮ ಊರಿನ ತೆಳುಗಾಳಿಯಲ್ಲಿ 11 ಕಿಲೋದ ಮಾದರಿ ಗಂಟೆಗೆ ಸುಮಾರು 45 ಕಿಲೋಮೀಟರ್ ವೇಗದವರೆಗೂ ತೇಲಿಕೊಂಡಿರುತ್ತದೆ. 16 ಕಿಲೋದ್ದು 54ಕ್ಕಿಂತ ಕೆಳಗೆ ಬಂದೊಡನೆ ಬೀಳತೊಡಗುತ್ತದೆ. ಅಂತರ ಒಂಬತ್ತೇ ಕಿಲೋಮೀಟರ್ ಎನ್ನಿಸಬಹುದು. ಆದರೆ ಇಳಿಯುವಾಗ ನೆಲಕ್ಕೆ ತಾಗುವ ಶಕ್ತಿ ತೂಕದ ಜೊತೆಗೂ ವೇಗದ ವರ್ಗದ ಜೊತೆಗೂ ಏರುವುದರಿಂದ, ಭಾರದ ಮಾದರಿ ಅದರ ಎರಡು ಪಟ್ಟು ಶಕ್ತಿಯನ್ನು ಹೊತ್ತು ಬರುತ್ತದೆ.

ಆದ್ದರಿಂದ ಗರಗಸ ಹಿಡಿಯುವ ಮೊದಲು ತೂಕದ ಬಜೆಟ್ ಬರೆಯಿರಿ. ಎರಡೂ ರೆಕ್ಕೆಗಳಿಗೆ 2.8 ಕಿಲೋ, ಒಡಲಿಗೆ 2.2, ಬಾಲಕ್ಕೆ ಅರ್ಧ ಕಿಲೋ ಎಂದು ಹಂಚಿಟ್ಟು, ಒಂದೊಂದು ಭಾಗ ಮುಗಿದಾಗಲೂ ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿ. ಬಾಲದ ವಿಷಯದಲ್ಲಂತೂ ಜಿಪುಣರಾಗಿ. ಈ ಮಾದರಿಯಲ್ಲಿ ಗುರುತ್ವಕೇಂದ್ರದಿಂದ ಬಾಲ ಸುಮಾರು ಒಂದೂಕಾಲು ಮೀಟರ್ ಹಿಂದಿದ್ದರೆ, ಎಂಜಿನ್ ಕೂರುವ ಹಲಗೆ 40 ಸೆಂಟಿಮೀಟರ್ ಮಾತ್ರ ಮುಂದಿರುತ್ತದೆ. ಬಾಲದಲ್ಲಿ ಹೆಚ್ಚಾದ 100 ಗ್ರಾಂ ಅಂಟು ಮತ್ತು ಬಣ್ಣವನ್ನು ಸರಿದೂಗಿಸಲು ಮೂತಿಗೆ 300 ಗ್ರಾಂ ಸೀಸ ಕಟ್ಟಬೇಕಾಗುತ್ತದೆ. ಒಂದು ದಿನ ಬಿಡುವು ಮಾಡಿಕೊಂಡು ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿರುವ ಎಚ್‌ಟಿ-2 ನೋಡಿ ಬನ್ನಿ. ಎಂಜಿನ್ನಿನ ಹೊದಿಕೆ ಒಡಲಿಗೆ ಸೇರುವ ತಿರುವು ಎದುರು ನಿಂತಾಗ ತಿಳಿಯುವಷ್ಟು ಛಾಯಾಚಿತ್ರದಲ್ಲಿ ತಿಳಿಯುವುದಿಲ್ಲ.

ಪ್ರಶ್ನೆ: ಇಷ್ಟು ದೊಡ್ಡ ರೆಕ್ಕೆ ಗಾಳಿಯಲ್ಲಿ ಮಡಚಿಕೊಳ್ಳದಂತೆ ಸ್ಪಾರ್ (ರೆಕ್ಕೆಯ ಉದ್ದಕ್ಕೂ ಭಾರ ಹೊರುವ ತೊಲೆ) ಎಷ್ಟು ದಪ್ಪ ಇರಬೇಕೆಂದು ನಿರ್ಧರಿಸುವುದು ಹೇಗೆ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಮೇಲಿನ ಮಾದರಿಯನ್ನೇ ತೆಗೆದುಕೊಳ್ಳೋಣ. ಕಡಿದಾದ ಇಳಿತದಿಂದ ಜೋರಾಗಿ ಮೇಲಕ್ಕೆಳೆದಾಗ ರೆಕ್ಕೆಯ ಮೇಲೆ ಆರು ಪಟ್ಟು ಭಾರ ಬೀಳಬಹುದೆಂದು ಇಟ್ಟುಕೊಂಡರೆ ಒಟ್ಟು 66 ಕಿಲೋ, ಒಂದೊಂದು ಬದಿಗೆ 33 ಕಿಲೋ. ಈ ಭಾರವೆಲ್ಲ ರೆಕ್ಕೆಯ ಬುಡದಿಂದ ಸುಮಾರು 58 ಸೆಂಟಿಮೀಟರ್ ದೂರದಲ್ಲಿ ಒಂದೇ ಕಡೆ ಎತ್ತಿದಂತೆ ಎಂದು ಭಾವಿಸಿದರೆ, ಬುಡದಲ್ಲಿ ಬಾಗಿಸುವ ಬಲ 19 ಕಿಲೋ-ಮೀಟರ್‌ಗಳಷ್ಟಾಗುತ್ತದೆ (ಕಿಲೋ ಮತ್ತು ಮೀಟರ್‌ಗಳ ಗುಣಲಬ್ಧ, ದೂರವಲ್ಲ). ಬುಡದಲ್ಲಿ ಸ್ಪಾರ್‌ನ ಮೇಲಿನ ಪಟ್ಟಿಗೂ ಕೆಳಗಿನ ಪಟ್ಟಿಗೂ ನಡುವೆ 6 ಸೆಂಟಿಮೀಟರ್ ಅಂತರವಿದ್ದರೆ, ಮೇಲಿನ ಪಟ್ಟಿಯನ್ನು 300 ಕಿಲೋಗೂ ಮೀರಿದ ಬಲ ಒತ್ತುತ್ತಿರುತ್ತದೆ, ಕೆಳಗಿನದನ್ನು ಅಷ್ಟೇ ಬಲ ಎಳೆಯುತ್ತಿರುತ್ತದೆ. 10 × 12 ಮಿಲಿಮೀಟರ್ ಅಳತೆಯ, ಗಂಟಿಲ್ಲದ, ನೇರ ಎಳೆಯ ಸ್ಪ್ರೂಸ್ ಅಥವಾ ಪೈನ್ ಪಟ್ಟಿ ಇದನ್ನು ತಡೆದುಕೊಳ್ಳುತ್ತದೆ. ಅದೇ ಅಳತೆಯ ಬಾಲ್ಸಾ (ತೀರಾ ಹಗುರವಾದ ಮೆದು ಮರ) ತಡೆಯುವುದಿಲ್ಲ. ತುದಿಯ ಕಡೆಗೆ ಹೋದಂತೆ ಬಲ ಕಡಿಮೆಯಾಗುವುದರಿಂದ ಪಟ್ಟಿಯನ್ನು ಸವರುತ್ತಾ ಹೋಗಿ ತೂಕ ಉಳಿಸಬಹುದು.

ಬಹಳ ಮಂದಿ ಮರೆಯುವುದು ಎರಡು ಪಟ್ಟಿಗಳ ನಡುವಿನ ತಡಿಕೆಯನ್ನು. ಇದು ಇಲ್ಲದಿದ್ದರೆ ಪಟ್ಟಿಗಳು ಒಂದರ ಮೇಲೊಂದು ಜಾರಿ, ಎಷ್ಟೇ ದಪ್ಪವಿದ್ದರೂ ಪ್ರಯೋಜನವಿಲ್ಲ. ಬಾಲ್ಸಾ ತಡಿಕೆಯಾದರೆ ಎಳೆ ಮೇಲೆ-ಕೆಳಗೆ ನಿಲ್ಲುವಂತೆ ಅಂಟಿಸಬೇಕು, ಬುಡದ ಮೂರ್ನಾಲ್ಕು ಅಂಕಣಗಳಿಗೆ ತೆಳು ಪ್ಲೈವುಡ್ಡೇ ಬೇಕು. ಲೆಕ್ಕ ಮುಗಿದ ಮೇಲೂ ನಂಬಬೇಡಿ: ರೆಕ್ಕೆಯನ್ನು ಬೋರಲು ಮಾಡಿ ಬುಡವನ್ನು ಭದ್ರವಾಗಿ ಹಿಡಿಸಿ, ಒಂದೊಂದು ಕಿಲೋದ ಮರಳಿನ ಚೀಲಗಳನ್ನು ಬುಡದ ಕಡೆ ಹೆಚ್ಚು, ತುದಿಯ ಕಡೆ ಕಡಿಮೆ ಬರುವಂತೆ ಜೋಡಿಸಿ 33 ಕಿಲೋ ಮುಟ್ಟಿಸಿ. ಚಿಟಿಚಿಟಿ ಸದ್ದು ಕೇಳಿದರೆ ಅದು ಕೊಠಡಿಯಲ್ಲೇ ಕೇಳಿಸಿತಲ್ಲ ಎಂದು ಸಂತೋಷಪಡಿ.

ಪ್ರಶ್ನೆ: ಪೆಟ್ರೋಲ್ ಎಂಜಿನ್ನೋ, ಬ್ಯಾಟರಿಯೋ?
— ಮೈಸೂರಿನಿಂದ

ಉತ್ತರ: 11 ಕಿಲೋದ ಈ ಮಾದರಿಗೆ 50ರಿಂದ 55 ಸಿಸಿಯ ಎರಡು-ಸ್ಟ್ರೋಕ್ ಪೆಟ್ರೋಲ್ ಎಂಜಿನ್, 22 ಅಂಗುಲದ ಪ್ರೊಪೆಲ್ಲರ್ ಸರಿಹೊಂದುತ್ತದೆ. ಬ್ಯಾಟರಿಯಾದರೆ ಆರು ಸೆಲ್‌ಗಳ ಎರಡು ಲಿಥಿಯಂ ಪಾಲಿಮರ್ ಪ್ಯಾಕ್‌ಗಳನ್ನು ಸರಣಿಯಲ್ಲಿ ಜೋಡಿಸಬೇಕು. 5,000 ಮಿಲಿ ಆಂಪಿಯರ್-ಗಂಟೆಯ ಪ್ಯಾಕ್‌ಗಳಿಂದ ಹತ್ತು ನಿಮಿಷದ ಹಾರಾಟ ಸಿಗುತ್ತದೆ. ನಾನಂತೂ ಪೆಟ್ರೋಲಿನ ಪಕ್ಷ, ಏಕೆಂದರೆ ಎಚ್‌ಟಿ-2ರಂಥ ವಿಮಾನಕ್ಕೆ ಮೂತಿಯಲ್ಲಿ ಹೇಗೂ ಭಾರ ಬೇಕು, ಸೀಸಕ್ಕಿಂತ ಎಂಜಿನ್ ಉಪಯುಕ್ತ. ಅದರ ನಡುಕ ಮಾತ್ರ ಪ್ರತಿಯೊಂದು ಬೋಲ್ಟನ್ನೂ ಸಡಿಲಿಸುತ್ತದೆ.

ಪ್ರಶ್ನೆ: ಚಿಕ್ಕ ವಿಮಾನದ ಸರ್ವೋಗಳನ್ನೇ (ರೆಕ್ಕೆ-ಬಾಲದ ಚಲಿಸುವ ಭಾಗಗಳನ್ನು ತಿರುಗಿಸುವ ಪುಟ್ಟ ಮೋಟಾರುಗಳು) ದೊಡ್ಡದಕ್ಕೂ ಬಳಸಬಹುದೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬೇಡ. ಅಳತೆ ಎರಡು ಪಟ್ಟಾದರೆ ಅದೇ ವೇಗದಲ್ಲೂ ಐಲೆರಾನನ್ನು (ವಿಮಾನವನ್ನು ಪಕ್ಕಕ್ಕೆ ವಾಲಿಸಲು ರೆಕ್ಕೆಯ ಹಿಂಬದಿಯಲ್ಲಿರುವ ಚಲಿಸುವ ಪಟ್ಟಿ) ತಿರುಗಿಸಲು ಎಂಟು ಪಟ್ಟು ಬಲ ಬೇಕು. ಒಂದೊಂದು ಮೇಲ್ಮೈಗೂ ಲೋಹದ ಹಲ್ಲುಚಕ್ರಗಳಿರುವ, 20 ಕಿಲೋ-ಸೆಂಟಿಮೀಟರ್ ಬಲದ ಪ್ರತ್ಯೇಕ ಸರ್ವೋ ಹಾಕಿ. ರಿಸೀವರ್‌ಗೆ ಎರಡು ಬ್ಯಾಟರಿ, ಎರಡು ಸ್ವಿಚ್ ಇರಲಿ. ಸಂಕೇತ ಕಡಿದರೆ ಎಂಜಿನ್ ತಾನಾಗಿ ನಿಧಾನಗತಿಗೆ ಇಳಿಯುವಂತೆ ಹೊಂದಿಸಿ.

ಬಲಕ್ಕಿಂತಲೂ ಮುಖ್ಯವಾದದ್ದು ಸಡಿಲ ಇಲ್ಲದಿರುವುದು. ಕೆಲವು ವರ್ಷಗಳ ಹಿಂದೆ ನನ್ನ 2.4 ಮೀಟರ್ ಮಾದರಿಯ ಎಡ ಐಲೆರಾನನ್ನು ಬೆಳಗ್ಗೆ ಬೆರಳಲ್ಲಿ ಆಡಿಸಿದಾಗ ಅದರ ಹಿಂಬದಿಯ ಅಂಚು ಮೂರು ಮಿಲಿಮೀಟರ್ ಅಲ್ಲಾಡಿತು. ಸರ್ವೋ ತೋಳಿನಲ್ಲಿ ಕೊಂಡಿ ಕೂರುವ ರಂಧ್ರ ಸವೆದಿತ್ತು. ಸಂಜೆ ಬದಲಿಸಿದರಾಯಿತು ಎಂದು ಹಾರಿಸಿದೆ. ಮೊದಲ ಇಳಿತದಲ್ಲೇ ಜೇನುಗೂಡಿಗೆ ಕಲ್ಲು ಬಿದ್ದಂತೆ ಗುಂಯ್ ಎಂಬ ಸದ್ದು ಬಂತು. ಥ್ರಾಟಲ್ ತಗ್ಗಿಸಿ ಮೆಲ್ಲಗೆ ಮೂತಿ ಎತ್ತಿ ಹೇಗೋ ಇಳಿಸಿದಾಗ, ಐಲೆರಾನ್ ಒಂದೇ ಹಿಂಜ್‌ನಲ್ಲಿ ನೇತಾಡುತ್ತಿತ್ತು. ಫ್ಲಟರ್ ಎಂದು ಕರೆಯುವ ಈ ಕಂಪನ ಒಂದೆರಡು ಸೆಕೆಂಡಿನಲ್ಲಿ ರೆಕ್ಕೆಯನ್ನೇ ಹರಿದುಹಾಕಬಲ್ಲದು.

ಪ್ರಶ್ನೆ: ನನ್ನ ಮಗ ಮಹಡಿಯ ಕೋಣೆಯಲ್ಲಿ ಇಂಥದೇ ದೊಡ್ಡ ವಿಮಾನ ಕಟ್ಟುತ್ತಿದ್ದಾನೆ. ಹಾರಿಸಲು ಅನುಮತಿ ಬೇಕೇ?
— ಗೃಹಿಣಿ, ಬೆಂಗಳೂರು

ಉತ್ತರ: 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ. 25 ಕಿಲೋ ಮೀರದ, ಹವ್ಯಾಸಕ್ಕಾಗಿ ಕಣ್ಣಿಗೆ ಕಾಣುವ ದೂರದಲ್ಲೇ ಹಾರಿಸುವ ಮಾದರಿಗೆ ಟೈಪ್ ಸರ್ಟಿಫಿಕೇಟ್ (ವಿನ್ಯಾಸಕ್ಕೆ ಕೊಡುವ ಅನುಮೋದನೆ ಪತ್ರ) ಬೇಡ. ಆದರೆ ನೋಂದಣಿ ಬೇಕು, ಮತ್ತು 2 ಕಿಲೋ ಮೀರಿದರೆ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರವೂ ಬೇಕು. ಹಸಿರು ವಲಯದಲ್ಲಿ (ಮುಂಚಿತ ಅನುಮತಿಯಿಲ್ಲದೆ ಹಾರಿಸಬಹುದಾದ ಪ್ರದೇಶ) 120 ಮೀಟರ್ ಎತ್ತರದ ಮಿತಿಯಿದೆ. ಜಕ್ಕೂರು, ಯಲಹಂಕ, ಎಚ್‌ಎಎಲ್, ಕೆಂಪೇಗೌಡ ನಿಲ್ದಾಣಗಳು ನಗರವನ್ನು ಸುತ್ತುವರಿದಿರುವುದರಿಂದ, ವಲಯದ ನಕ್ಷೆ ನೋಡಿ ಊರಾಚೆಯ ಮೈದಾನವನ್ನೇ ಹುಡುಕಬೇಕಾದೀತು. ಅದಕ್ಕೂ ಮೊದಲು, ಒಡಲಿಗೆ ಅಂಟು ಹಾಕುವ ಮುನ್ನವೇ ಮಹಡಿಯ ಮೆಟ್ಟಿಲಿನ ತಿರುವನ್ನು ಅಳೆಯಲು ಮಗನಿಗೆ ಹೇಳಿ.