ಮೊಳಕೆ ಬಂತು, ಮುಂದೇನು?

ಪ್ರಶ್ನೆ: 5ನೇ ತರಗತಿಯವರಿಂದ ಹೆಸರುಕಾಳು ಮೊಳೆಸುವ ಪ್ರಯೋಗ ಮಾಡಿಸುತ್ತೇವೆ. ಇದನ್ನು ಬೇಸಾಯಕ್ಕೂ ಗಣಿತಕ್ಕೂ ಜೋಡಿಸುವುದು ಹೇಗೆ? ಕೆಲವು ತಂಡಗಳ ಕಾಳು ಕೊಳೆಯುವುದೇಕೆ?
– ಶಿಕ್ಷಕಿ, ಗದಗ ಜಿಲ್ಲೆ

ಉತ್ತರ: ಮೊಳಕೆ ಬಂತೇ ಎಂದಲ್ಲ, ನೂರಕ್ಕೆ ಎಷ್ಟು ಬಂತು ಎಂದು ಕೇಳಿ. ಬಿತ್ತನೆಗೆ ಮುಂಚೆ ರೈತರಿಗೆ ಬೇಕಾದದ್ದೂ ಅದೇ.

ಮನೆಯಲ್ಲಿ ಬಿತ್ತನೆಗೆ ಇಟ್ಟ ಕಾಳನ್ನೇ ತರಿಸಿ. ಬಣ್ಣದ ಔಷಧಿ ಲೇಪಿಸಿದ ಬೀಜವನ್ನು ಮಕ್ಕಳ ಕೈಗೆ ಕೊಡಲೇಬಾರದು. ಚೀಲದ ಮೇಲಿನಿಂದ, ನಡುವಿನಿಂದ, ತಳದಿಂದ ಒಂದೊಂದು ಹಿಡಿ ತೆಗೆದು ಬೆರೆಸಿ, ಆರಿಸದೆ 100 ಕಾಳು ಎಣಿಸಲಿ. ದಪ್ಪನೆಯವನ್ನೇ ಹೆಕ್ಕಿದರೆ ಲೆಕ್ಕ ಇಡೀ ಚೀಲಕ್ಕೆ ಅನ್ವಯಿಸುವುದಿಲ್ಲ.

ತಲಾ 25 ಕಾಳಿನ ನಾಲ್ಕು ಗುಂಪು ಮಾಡಿ. ಕುದಿಸಿ ತಣಿಸಿದ ಹತ್ತಿಬಟ್ಟೆಯನ್ನು ಹನಿ ತೊಟ್ಟಿಕ್ಕದಷ್ಟು ಹಿಂಡಿ, ಕಾಳುಗಳನ್ನು 2 ಸೆಂ.ಮೀ. ಅಂತರದಲ್ಲಿ ಜೋಡಿಸಿ, ಸುರುಳಿ ಸುತ್ತಿ ನಿಲ್ಲಿಸಿ. ಕೊಳೆಯಲು ಸಾಮಾನ್ಯ ಕಾರಣ ಅತಿಯಾದ ನೀರು. ಕಾಳಿಗೆ ಗಾಳಿ ಸಿಗುವುದಿಲ್ಲ. ಒತ್ತಾಗಿಟ್ಟರೆ ಬೂಷ್ಟು ಒಂದರಿಂದೊಂದಕ್ಕೆ ಹರಡುತ್ತದೆ.

5ನೇ ದಿನ ಒಮ್ಮೆ, 7ನೇ ದಿನ ಮತ್ತೊಮ್ಮೆ ಎಣಿಸಿ. ಬೇರು ಮಾತ್ರ ಇಣುಕಿದ್ದನ್ನು ಮಕ್ಕಳು ಸೇರಿಸಿಬಿಡುತ್ತಾರೆ. ಬೇರು, ಕಾಂಡ ಎರಡೂ ಗಟ್ಟಿಯಾಗಿದ್ದರಷ್ಟೇ ಲೆಕ್ಕ. ಕಲ್ಲಿನಂತೆ ಉಳಿದವು ನೀರು ಹೀರದ ಗಡಸು ಕಾಳು, ಸತ್ತವಲ್ಲ. ಅವನ್ನು ಬೇರೆಯಾಗಿ ಬರೆಯಿರಿ. ನಾಲ್ಕು ಗುಂಪಿನಲ್ಲಿ 14, 16, 15, 15 ಬಂದರೆ 60%. ಮೂರರಲ್ಲಿ 15ರ ಆಸುಪಾಸು ಇದ್ದು ಒಂದರಲ್ಲಿ 6 ಬಂದರೆ ಬೀಜಕ್ಕಿಂತ ಮೊದಲು ಆ ಸುರುಳಿಯನ್ನು ಅನುಮಾನಿಸಿ, ಪ್ರಯೋಗ ಮತ್ತೆ ಮಾಡಿಸಿ.

ಹೆಸರಿಗೆ ಪ್ರಮಾಣಿತ (ಪರೀಕ್ಷಿಸಿ ದೃಢೀಕರಿಸಿದ) ಬೀಜದ ಕನಿಷ್ಠ ಮೊಳಕೆ 75%. ಆ ಮಟ್ಟದ ಬೀಜ ಎಕರೆಗೆ 5 ಕಿಲೊ ಸಾಕೆಂದುಕೊಂಡರೆ, 60%ರ ಬೀಜ ಎಷ್ಟು ಬೇಕು? 5 × 75 ÷ 60 = 6.25 ಕಿಲೊ. ಆ ಒಂದೂಕಾಲು ಕಿಲೊಗೆ ಎಷ್ಟು ಹಣವಾಗುತ್ತದೆಂದು ಮನೆಯಲ್ಲಿ ವಿಚಾರಿಸಿ ಬರಲಿ; ಪಾಠ ಊಟದ ಹೊತ್ತಿನ ಮಾತಿಗೂ ಬರುತ್ತದೆ. ಆದರೆ ಮೊಳಕೆ ತೀರಾ ಕಡಿಮೆಯಿದ್ದರೆ ಹೆಚ್ಚು ಬಿತ್ತುವುದು ಪರಿಹಾರವಲ್ಲ. ಅಂಥ ಬೀಜದ ಸಸಿಗಳೂ ಸೊರಗಿರುತ್ತವೆ, ಬೀಜವನ್ನೇ ಬದಲಿಸಬೇಕು.

ಪ್ರಶ್ನೆ: ಎರೆಮಣ್ಣನ್ನು ಬಾಟಲಿಯಲ್ಲಿ ಕುಲುಕಿಟ್ಟು ಎರಡು ದಿನವಾದರೂ ನೀರು ತಿಳಿಯಾಗಲಿಲ್ಲ. ಮರಳು, ಗೋಡು (ಮರಳಿಗಿಂತ ನುಣುಪಾದ, ಜೇಡಿಗಿಂತ ದಪ್ಪನೆಯ ಕಣ), ಜೇಡಿ ಎಷ್ಟೆಷ್ಟಿವೆಯೆಂದು ಅಳೆಯುವುದು ಹೇಗೆ?
– ಶಿಕ್ಷಕ, ವಿಜಯಪುರ ಜಿಲ್ಲೆ

ಉತ್ತರ: 0.002 ಮಿ.ಮೀ.ಗಿಂತ ಸಣ್ಣ ಜೇಡಿ ಕಣಗಳು ಇಳಿಯಲು ದಿನಗಟ್ಟಲೆ ಬೇಕು, ಕಾಯಿರಿ. ತಳದಲ್ಲಿ ಕೂತ ಪದರದ ಮೇಲ್ಮಟ್ಟಕ್ಕೆ ಬಾಟಲಿಯ ಮೇಲೆ ಸುಮಾರು ಒಂದು ನಿಮಿಷಕ್ಕೆ ಮರಳಿನ ಗೆರೆ, ಎರಡು ಗಂಟೆಗೆ ಗೋಡಿನ ಗೆರೆ ಹಾಕಿಡಿ. ಅವಸರಕ್ಕೆ ಪಟಕ ಹಾಕಬೇಡಿ. ಜೇಡಿ ಹಿಂಡುಗಟ್ಟಿ ಸಡಿಲವಾಗಿ ಕೂರುತ್ತದೆ, ಪದರ ದಪ್ಪವಾಗಿ ಕಾಣುತ್ತದೆ. ಎರೆಯ ಜೇಡಿ ನೀರಲ್ಲಿ ಉಬ್ಬುವುದರಿಂದ ಬಾಟಲಿಯ ಅಳತೆ ಹೇಗೂ ತುಸು ಹೆಚ್ಚೇ ತೋರುತ್ತದೆ. ಜೊತೆಗೆ ಒದ್ದೆ ಮಣ್ಣನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಪಟ್ಟಿ ಎಳೆಸಿ: ತುಂಡಾಗದೆ 5 ಸೆಂ.ಮೀ. ದಾಟಿದರೆ ಅದು ಜೇಡಿಯೇ.